ಎಡವಿದ್ದು ಒಂದೇ ಸಲ

ನಾನು ನಮ್ಮೂರ ಪುರಸಭೆಯ ದಫ್ತರಖಾನೆಗೆ ಗುಮಾಸ್ತನಾಗಿ ಸೇರಿದ ದಿನ, ನಿವೃತ್ತರಾಗಿ ಹೊರಟಿದ್ದ ಹಿರಿಯರು ನನ್ನ ಕೈಗೆ ಎರಡು ವಸ್ತು ಕೊಟ್ಟರು. ಒಂದು ಬೀಗದ ಕೈ. ಇನ್ನೊಂದು, ಕಿವಿಗೆ ಇಟ್ಟುಕೊಳ್ಳಲು ಒಂದು ಉಂಡೆ ಹತ್ತಿ. "ಬೀಗದ ಕೈ ಕಳದ್ರ ನಡೀತೈತಿ ಅಡಿವೆಪ್ಪಾ, ಹತ್ತಿ ಕಳೀಬ್ಯಾಡ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನಮ್ಮೂರಿನ ಅರ್ಜಿಗಳು ಮಾತಾಡುತ್ತವೆ. ಬಿಚ್ಚಿದರೆ ಸಾಕು, ಬರೆದವರ ದನಿಯಲ್ಲಿ ಮೊದಲಿಂದ ಕೊನೆಯವರೆಗೆ ತಮ್ಮನ್ನು ತಾವೇ ಓದಿಕೊಳ್ಳುತ್ತವೆ. ನೆಗಡಿಯಲ್ಲಿ ಬರೆದಿದ್ದರೆ ನೆಗಡಿಯಲ್ಲೇ ಓದುತ್ತವೆ. ಬೇರೆಯವರಿಂದ ಬರೆಸಿ ಹೆಬ್ಬೆಟ್ಟು ಒತ್ತಿದ್ದರೆ ಹೆಬ್ಬೆಟ್ಟಿನವರ ದನಿ. ಜಿಲ್ಲೆಯಿಂದ ಬರುವ ಅಚ್ಚಾದ ಸುತ್ತೋಲೆಗಳು ಮಾತ್ರ ಹಿಟ್ಟಿನ ಗಿರಣಿಯ ಹಾಗೆ ಗುಂಯ್ ಎನ್ನುತ್ತವೆ, ಅಷ್ಟೆ. ನಕಲು ಪ್ರತಿ ಮೂಕ. ಅಸಲು ಕಾಗದ ಸುಟ್ಟರೆ ದನಿಯೂ ಹೋಯಿತು. ಇದರಲ್ಲಿ ವಿಶೇಷವಾಗಿ ಹೇಳುವಂಥದ್ದು ಏನೂ ಇಲ್ಲ. ಬೇರೆ ಊರಿನ ಕಾಗದಗಳು ಯಾಕೆ ಸುಮ್ಮನಿರುತ್ತವೆ ಎಂಬುದೇ ನಮಗೆ ಸೋಜಿಗ.

ಹೀಗಾಗಿ ನಮ್ಮಲ್ಲಿ ಸತ್ತವರನ್ನು ನೆನೆಯಲು ಜನ ಪುರಸಭೆಗೆ ಬರುತ್ತಾರೆ. ಮಂಗಳವಾರ ಕೇಳುವ ದಿನ. ಬೆಳಿಗ್ಗೆ ಹತ್ತಕ್ಕೆಲ್ಲ ಬಾಗಿಲ ಮುಂದೆ ಸಾಲು. "ನಮ್ಮಪ್ಪನ ಗಟಾರದ ಅರ್ಜಿ ತಗೀರಿ." "ನಮ್ಮವ್ವನ ನಳದ್ದು ಕೊಡ್ರಿ." ಹಂದಿಗಳ ಕಾಟದ ಬಗ್ಗೆ ತಂದೆ ಬರೆದ ಮೂರು ಪುಟದ ದೂರನ್ನು ಕೇಳುತ್ತಾ ಇಬ್ಬರು ಗಂಡುಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಅಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆದರೆ ಪ್ರತಿ ಕಾಗದಕ್ಕೂ ಒಂದು ಆಯುಷ್ಯ ಇದೆ. ರಜೆ ಅರ್ಜಿಗೆ ಒಂದು ವರ್ಷ. ಗಟಾರ, ದೀಪ, ಹಂದಿಗಳಿಗೆ ಹತ್ತು ವರ್ಷ. ಜನನ, ಮರಣ ಮತ್ತು ಬಾವಿಗೆ ಸಂಬಂಧಪಟ್ಟದ್ದು ಶಾಶ್ವತ. ಆದ್ದರಿಂದ ನಮ್ಮೂರಲ್ಲಿ ಹದಿನೆಂಟು ತುಂಬಿದವರು ಮೊದಲು ಮಾಡುವ ಕೆಲಸ ಬಾವಿಯ ಬಗ್ಗೆ ಒಂದು ಅರ್ಜಿ ಬರೆಯುವುದು. ಊರಲ್ಲಿ ಇರುವುದು ಒಂದೇ ಬಾವಿ. ಅದರ ಬಗ್ಗೆ ಹನ್ನೊಂದು ಸಾವಿರದ ನಾನ್ನೂರು ಅರ್ಜಿಗಳಿವೆ. ನೀರು ಉಪ್ಪು, ನೀರು ಸಪ್ಪೆ, ಬಾವಿಯೊಳಗೆ ಆಮೆ ಇದೆ, ಆಮೆ ಇತ್ತೀಚೆಗೆ ಕಾಣುತ್ತಿಲ್ಲ, ಹೀಗೆ. ಸಂಬಂಧ ಕೂಡಿಸಲು ಬಂದ ಬೀಗರು ಚಹಾ ಕುಡಿಯುವ ಮೊದಲೇ, "ಹುಡುಗಂದು ಬಾವಿ ಅರ್ಜಿ ಆಗೈತೇನ್ರಿ?" ಎಂದು ಕೇಳುತ್ತಾರೆ.

ಅವಧಿ ಮುಗಿದ ಕಾಗದಗಳನ್ನು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ಸುಡಬೇಕೆಂದು ನಿಯಮ. ಇಪ್ಪತ್ತೆಂಟು ವರ್ಷ ನಾನು ಆ ಪಟ್ಟಿಯನ್ನು ಶ್ರದ್ಧೆಯಿಂದ ಮಾಡಿದೆ. ಆದರೆ ಸುಡುವ ಪಟ್ಟಿಯೂ ಒಂದು ಕಾಗದವೇ, ಅದರ ಆಯುಷ್ಯ ಒಂದು ವರ್ಷ. ಸುಡುವ ದಿನ ಬಂದಾಗ ಮೊದಲು ಪಟ್ಟಿಯನ್ನೇ ಸುಡುತ್ತಿದ್ದೆ. ಪಟ್ಟಿ ಇಲ್ಲದೆ ಉಳಿದದ್ದನ್ನು ಮುಟ್ಟುವುದು ನಿಯಮಕ್ಕೆ ವಿರುದ್ಧ. ಹೀಗೆ ನನ್ನ ಕಾಲದಲ್ಲಿ ಒಂದು ದನಿಯೂ ಸುಟ್ಟುಹೋಗಲಿಲ್ಲ, ಒಂದು ನಿಯಮವೂ ಮುರಿಯಲಿಲ್ಲ.

ಮಂಗಳವಾರದವರಲ್ಲಿ ಬಾಳವ್ವ ಒಬ್ಬಳು. ಸೈಕಲ್ ರಿಪೇರಿ ಮಾಡುತ್ತಿದ್ದ ತಿಪ್ಪಣ್ಣನ ಹೆಂಡತಿ. ತಿಪ್ಪಣ್ಣ ಬಾವಿ ಅರ್ಜಿ ಬರೆಯದೆ ತೀರಿಕೊಂಡ ಮನುಷ್ಯ. ಊರಿಗೇ ಅಂಥವನು ಒಬ್ಬನೇ. "ಆ ಬಾವಿ ನನಗೇನ್ ಮಾಡೈತಿ? ಸುಮ್ ಸುಮ್ನ ಯಾಕ ದೂರ ಬರೀಲಿ?" ಎನ್ನುತ್ತಿದ್ದ. ಆತ ಜೀವಮಾನದಲ್ಲಿ ಬರೆದದ್ದು ಒಂದೇ ಕಾಗದ, ಬೀದಿ ದೀಪದ್ದು. ಬರೆದ ಎಂಟು ತಿಂಗಳಿಗೆ ಹೋಗಿಬಿಟ್ಟ. ಬಾಳವ್ವ ಪ್ರತಿ ಮಂಗಳವಾರ ಬಂದು, ಗಂಡನ ಹೆಸರು ಹೇಳಬಾರದೆಂದು, "ತಮ್ಮಾ, ಅವರದು ತಗಿ," ಎನ್ನುತ್ತಿದ್ದಳು. ನಾನು ತೆಗೆಯುತ್ತಿದ್ದೆ. ಕಾಗದ ಹೇಳುತ್ತಿತ್ತು:

"ಮಾನ್ಯರೇ, ನಮ್ಮ ಓಣಿಯ ಮೂಲೆಯ ಕಂಬದ ದೀಪ ಉರಿಯದೆ ಎರಡು ತಿಂಗಳಾಯಿತು. ನನ್ನ ಹೆಂಡತಿ ಬೆಳಗಿನ ಐದಕ್ಕೆ ನಳದ ನೀರಿಗೆ ಹೋಗುತ್ತಾಳೆ. ಕಂಬದ ಬುಡದ ಕಲ್ಲಿಗೆ ಈಗಾಗಲೇ ಎರಡು ಸಲ ಎಡವಿ ಬಿದ್ದಿದ್ದಾಳೆ. ಆಕೆ ನೋವು ಹೇಳುವವಳಲ್ಲ. ಆದ್ದರಿಂದ ನಾನು ಹೇಳುತ್ತಿದ್ದೇನೆ."

ಆಮೇಲೆ ಒಂದು ಕೆಮ್ಮು. ಅಷ್ಟೇ ಅರ್ಜಿ. 'ಎರಡು ಸಲ' ಎಂದಾಗ ಬಾಳವ್ವ ತನ್ನಷ್ಟಕ್ಕೆ "ಒಂದ ಸಲ" ಎಂದು ಗೊಣಗುತ್ತಿದ್ದಳು. ವರ್ಷಗಟ್ಟಲೆ ಕೇಳಿ ಕೇಳಿ ಅದೂ ಅರ್ಜಿಯ ಒಂದು ಭಾಗ ಎನ್ನುವಷ್ಟು ನನಗೆ ರೂಢಿಯಾಗಿತ್ತು. ಮೇಲಾಗಿ ಕಿವಿಯಲ್ಲಿ ಹತ್ತಿ ಇರುತ್ತಿತ್ತು.

ಹೀಗಿರುವಾಗ ಜಿಲ್ಲೆಯಿಂದ ಒಂದು ಆದೇಶ ಗುಂಯ್ ಎನ್ನುತ್ತಾ ಬಂತು. ಅವಧಿಯೊಳಗಿನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ನೆಟ್‌ವರ್ಕ್ ಸ್ಟೋರೇಜಿನಲ್ಲಿ ಇಡಬೇಕು, ಅವಧಿ ಮುಗಿದ ಕ್ಷಣಕ್ಕೆ ಅವು ತಾವಾಗಿಯೇ ಅಳಿಸಿಹೋಗುವಂತೆ ಹೊಂದಿಸಬೇಕು, ಅಸಲು ಕಾಗದಗಳನ್ನು ಕಾಗದದ ಕಾರ್ಖಾನೆಗೆ ಕಳಿಸಬೇಕು. ಅವಧಿ ಈಗಾಗಲೇ ಮುಗಿದ ಕಾಗದಗಳು ನಿಯಮದ ಪ್ರಕಾರ ಲೋಕದಲ್ಲೇ ಇಲ್ಲವಾದ್ದರಿಂದ ಅವುಗಳಿಗೆ ಏನು ಮಾಡಬೇಕೆಂದು ಆದೇಶದಲ್ಲಿ ಇರಲಿಲ್ಲ. ಅವು ಇವತ್ತಿಗೂ ಹಿಂದಿನ ಕೋಣೆಯಲ್ಲಿ ಆರಾಮಾಗಿ ಹರಟುತ್ತಿವೆ.

ಆದೇಶದ ಬೆನ್ನಿಗೇ ಒಂದು ಪೆಟ್ಟಿಗೆಯೂ, ಅದನ್ನು ಹೊಂದಿಸುವವಳೂ ಬಂದರು. ಪೆಟ್ಟಿಗೆ ಬ್ರೆಡ್ಡಿನ ಡಬ್ಬಿಯಷ್ಟಿತ್ತು. ಆಕೆ ಸಮುದ್ರದ ಕಡೆಯವಳು, ನಲವತ್ತರ ಆಸುಪಾಸು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಹೆಸರು ಜೆಸಿಂತಾ. ಮೊದಲ ಅರ್ಜಿ ಬಿಚ್ಚಿದಾಗ ಹೆದರಿ ಓಡುತ್ತಾಳೆಂದು ನಾವೆಲ್ಲ ಬಾಗಿಲ ಹತ್ತಿರ ದಾರಿ ಬಿಟ್ಟು ನಿಂತಿದ್ದೆವು. ಆಕೆ ಕೊನೆಯವರೆಗೆ ಕೇಳಿ, "ಹೀಗಿನದ್ದು ಒಟ್ಟು ಎಷ್ಟು ಉಂಟು?" ಎಂದಳು. ಇವಳು ಕೆಲಸದವಳು ಎಂದು ನನಗೆ ಆಗಲೇ ಗೊತ್ತಾಯಿತು.

"ಇದು ನಿಮ್ಮ ಹೊಸ ಕಪಾಟು ಅಂತ ತಿಳ್ಕೊಳ್ಳಿ," ಎಂದು ಆಕೆ ಪೆಟ್ಟಿಗೆಯನ್ನು ತಟ್ಟಿದಳು. "ಒಳಗೆ ನಾಲ್ಕು ಡಿಸ್ಕ್ ಉಂಟು. ಒಂದು ಸತ್ರೂ ಉಳಿದ ಮೂರು ಸೇರಿ ಅದರ ಕೆಲಸ ನೋಡ್ಕೊಳ್ತವೆ."

"ನಮ್ಮ ಆಫೀಸಿನ್ಯಾಗ ಉಲ್ಟಾ ಐತ್ರಿ ಬಾಯಾರ," ಎಂದ ನಮ್ಮ ಜವಾನ ಇಮಾಮಸಾಬ. ನಿವೃತ್ತಿಗೆ ಎರಡು ವರ್ಷ ಇದ್ದರೂ ಅವನ ಗಂಟಲು ಮಾತ್ರ ಹರೆಯದ್ದು. "ಇಲ್ಲಿ ಮೂರು ಮಂದಿ ಸತ್ತಂಗ ಕುಂತಾರ, ನಾ ಒಬ್ಬವ ಓಡ್ಯಾಡ್ತೇನಿ."

ಮೊದಲ ಸ್ಕ್ಯಾನ್ ಆದಾಗ ಇಡೀ ಕಚೇರಿ ಕಂಪ್ಯೂಟರಿನ ಸುತ್ತ ನೆರೆದಿತ್ತು. ಪರದೆಯ ಮೇಲೆ ಅರ್ಜಿ ಬಂತು. ದನಿ ಇಲ್ಲ. ಎಲ್ಲರ ಮುಖ ಇಳಿಯಿತು. "ಅಸಲು ಇನ್ನೂ ಇಲ್ಲೇ ಉಂಟಲ್ಲ," ಎಂದಳು ಜೆಸಿಂತಾ. "ದನಿಗೆ ಇರ್ಲಿಕ್ಕೆ ಒಂದೇ ಮನೆ ಇರ್ಬೇಕು. ಒಂದು ಹರಿದು ನೋಡುವ." ಯಾರು ಹರಿಯಬೇಕು, ಯಾರದನ್ನು ಹರಿಯಬೇಕು? ಕೊನೆಗೆ ನಾನು ಎದ್ದು ಹೋಗಿ ನನ್ನದೇ ಬಾವಿ ಅರ್ಜಿ ತಂದೆ. ಹದಿನೆಂಟು ತುಂಬಿದಾಗ ಬರೆದದ್ದು. ಸ್ಕ್ಯಾನ್ ಮಾಡಿಸಿ, ಕಣ್ಣು ಮುಚ್ಚಿ, ನಡುವೆ ಹರಿದೆ. ಆಗ ಕಂಪ್ಯೂಟರು ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ನನ್ನ ಮೀಸೆ ಆಗಷ್ಟೇ ದಪ್ಪವಾಗುತ್ತಿದ್ದ ಕಾಲದ ದನಿಯಲ್ಲಿ, "ಸ್ವಾಮೀ, ಬಾವಿಯ ಆಮೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ," ಎಂದು ಶುರುಮಾಡಿತು.

ಏನು ಕೂಗು, ಏನು ಚಪ್ಪಾಳೆ! ಇಮಾಮಸಾಬ ಪಕ್ಕದ ಕೋಣೆಯಿಂದ ಓಡಿ ಬಂದು, "ಸಾಹೇಬ್ರ, ಆರೋಗ್ಯ ಶಾಖಿ ಕಂಪ್ಯೂಟರಿನ್ಯಾಗೂ ತೆರದ್ರ ಕೇಳಸ್ತೈತಿ! ನೀರಿನ ಶಾಖ್ಯಾಗೂ!" ಎಂದು ಸಾರಿದ. ಒಂದೇ ತಂತಿಯಲ್ಲಿ ಊರಿನ ಸತ್ತವರೆಲ್ಲ ಆರು ಕಿಟಕಿಗಳಿಗೆ ಬರುವ ಹಾಗಾಯಿತು. ಮಂಗಳವಾರದ ಸಾಲು ಆರು ಸಾಲಾಗುತ್ತದೆ, ಯಾರೂ ಬಿಸಿಲಲ್ಲಿ ಕಾಯಬೇಕಿಲ್ಲ. ನನ್ನ ಸರ್ವಿಸಿನಲ್ಲಿ ನಾನು ಅಷ್ಟು ಖುಷಿಪಟ್ಟ ದಿನ ಇನ್ನೊಂದಿಲ್ಲ.

ಇಪ್ಪತ್ತು ದಿನ ಸ್ಕ್ಯಾನ್ ನಡೆಯಿತು. ಜೆಸಿಂತಾ ಪೆಟ್ಟಿಗೆಯೊಳಗೆ, ಕಪಾಟಿನಲ್ಲಿದ್ದ ಹಾಗೆಯೇ, ವರ್ಗವಾರು ಕಡತದ ಅರೆಗಳನ್ನು ಮಾಡಿದಳು. ಯಾರಿಗೆ ನೋಡಲಿಕ್ಕೆ, ಯಾರಿಗೆ ಸೇರಿಸಲಿಕ್ಕೆ ಎಂದು ಒಬ್ಬೊಬ್ಬರಿಗೂ ಅನುಮತಿ ಬರೆದಳು. ತಿದ್ದಲಿಕ್ಕೆ ಯಾರಿಗೂ ಇಲ್ಲ. "ಅವಧಿ ಹೇಳಿ ಸರ್," ಎಂದಾಗ ನಾನು ನಿಯಮಾವಳಿಯ ಪುಸ್ತಕ ಹಿಡಿದು ಪ್ರತಿಜ್ಞಾವಿಧಿ ಓದುವವನ ಹಾಗೆ ಎದ್ದು ನಿಂತು ಓದಿದೆ. ಇಪ್ಪತ್ತೆಂಟು ವರ್ಷ ಯಾರೂ ನನ್ನನ್ನು ಆ ಪುಸ್ತಕದಿಂದ ಒಂದು ಸಾಲು ಕೇಳಿರಲಿಲ್ಲ. ಹುರುಪಿನಲ್ಲಿ ಒಂದು ಅಕ್ಷರ ಬಿಡದೆ ಹೇಳಿದೆ. ದೀಪ, ಗಟಾರ, ಹಂದಿ, ಹತ್ತು ವರ್ಷ. ಸ್ವೀಕೃತಿ ಮೊಹರಿನ ದಿನ ಮತ್ತು ಸಮಯದಿಂದ.

ಸೋಮವಾರ ಪೂಜೆ ಇಟ್ಟುಕೊಂಡೆವು. ಪೆಟ್ಟಿಗೆಗೆ ಕುಂಕುಮ, ತಂತಿಗೆ ಸೇವಂತಿಗೆ ಹೂವು. ಜೆಸಿಂತಾ ಮುಖ್ಯಾಧಿಕಾರಿ ದೇಸಾಯಿ ಸಾಹೇಬರಿಗೆ ಮೊದಲೇ ಹೇಳಿದ್ದಳು: "ಒಂದು ತಿಂಗಳು ಬೀಗ ಹಾಕದೆ ಪರೀಕ್ಷೆಗೆ ಇಡುವ ಸರ್. ಒಮ್ಮೆ ಬೀಗ ಒತ್ತಿದ ಮೇಲೆ ಅವಧಿ ಬದಲಾಯಿಸ್ಲಿಕ್ಕೆ ನನ್ನಿಂದಲೂ ಆಗುದಿಲ್ಲ, ನಿಮ್ಮಿಂದಲೂ ಆಗುದಿಲ್ಲ, ಡಬ್ಬಿ ಮಾಡಿದವರಿಂದಲೂ ಆಗುದಿಲ್ಲ."

ಸಾಹೇಬರು ನೆಟ್ಟಗಿನ ಮನುಷ್ಯ, ಆದರೆ ಮುಹೂರ್ತ ಮುಗಿಯಲು ಆರು ನಿಮಿಷ ಇತ್ತು. "ಪೂಜಾ ಮಾಡಿ ಆಮ್ಯಾಲೆ ಪರೀಕ್ಷಾ ಅಂದ್ರ ಹೆಂಗವಾ? ತಾಳಿ ಕಟ್ಟಿ, ಒಂದು ತಿಂಗಳು ನೋಡೂಣು ಅಂತಾರೇನು?" ಎಂದು ಕಾಯಿ ಒಡೆದು, ಒತ್ತಿಯೇಬಿಟ್ಟರು. ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತು ಜೋರಾಗಿ ಗಂಟೆ ಬಾರಿಸಿದವನು ನಾನೇ.

ಮರುದಿನ ಮಂಗಳವಾರ. ಆರು ಕಿಟಕಿ, ಆರು ಸಾಲು, ಜಾತ್ರೆಗಿಂತ ಹೆಚ್ಚು ಗದ್ದಲ. ಬಾಳವ್ವ ನನ್ನ ಕಿಟಕಿಗೆ ಬಂದು, "ತಮ್ಮಾ, ಅವರದು ತಗಿ," ಎಂದಳು. ತೆಗೆದೆ. ತಿಪ್ಪಣ್ಣನ ದನಿ ಮೊದಲಿಗಿಂತ ಸ್ಪಷ್ಟವಾಗಿ ಬಂತು. ಬಾಳವ್ವನ ಮುಖ ಅರಳಿತು. ಪರದೆಯನ್ನು ದಿಟ್ಟಿಸಿ, "ಮೂಲ್ಯಾಗ ಕೆಂಪಗ ಅದೇನೈತಿ?" ಎಂದಳು.

ನಾನೂ ಆಗಲೇ ನೋಡಿದ್ದು. ಪ್ರತಿ ಕಾಗದದ ಮೂಲೆಯಲ್ಲಿ ಅದರ ಉಳಿದ ಆಯುಷ್ಯ ಕಾಣುತ್ತಿತ್ತು. "ಮೂರು ದಿನ, ಬಾಳಕ್ಕ."

"ಮೂರು ದಿನ ಆದಮ್ಯಾಲೆ ಏನಾಕ್ಕೈತಿ?"

ಸುಳ್ಳು ಹೇಳುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. "ಶುಕ್ರವಾರ ಹನ್ನೊಂದು ಇಪ್ಪತ್ತಕ್ಕ ಅಳಿಸಿ ಹೋಗ್ತೈತಿ ಅಕ್ಕಾ."

ಬಾಳವ್ವ ಕಿಟಕಿಯ ಸರಳು ಹಿಡಿದುಕೊಂಡಳು. ಆಮೇಲೆ, "ಹಂಗಾದ್ರ ಮೂರೂ ದಿನ ಬರ್ಲೇನು? ನಿನಗ ತ್ರಾಸ ಆಗಂಗಿಲ್ಲಲ್ಲ?" ಎಂದಳು.

ಬೈದಿದ್ದರೆ ವಾಸಿಯಿತ್ತು. ತಿಪ್ಪಣ್ಣ ಒಂದು ತಿಂಗಳು ಮೊದಲು ಆ ಅರ್ಜಿ ಕೊಟ್ಟಿದ್ದರೆ, ಅದು ಅವಧಿ ಮುಗಿದದ್ದಾಗಿ ಹಿಂದಿನ ಕೋಣೆಯಲ್ಲಿ ನಿಶ್ಚಿಂತೆಯಿಂದ ಬದುಕಿರುತ್ತಿತ್ತು.

ಬುಧವಾರ ಊರಿಗೆ ಊರೇ ಉಪಾಯ ಹೇಳಲು ಬಂತು. ಮೊಬೈಲಿನಲ್ಲಿ ಧ್ವನಿ ಹಿಡಿದು ನೋಡಿದೆವು. ನನ್ನ ಕೆಮ್ಮು ಬಂತು, ತಿಪ್ಪಣ್ಣನದು ಬರಲಿಲ್ಲ. ಪೆನ್ ಡ್ರೈವಿಗೆ ನಕಲು ಮಾಡಿದೆವು, ಮೂಕ. ಬಾವಿಯ ಅರೆಗೆ ಸಾಗಿಸಲು ಹೋದರೆ ಪೆಟ್ಟಿಗೆ ಒಪ್ಪಲಿಲ್ಲ. ಕಾಗದದ ಕಾರ್ಖಾನೆಗೆ ಫೋನ್ ಮಾಡಿದೆ. ನಮ್ಮ ಲಾರಿಯ ಮಾಲು ಆಗಲೇ ಮೊಟ್ಟೆ ಇಡುವ ತಟ್ಟೆಗಳಾಗಿತ್ತು. "ಮೊಟ್ಟಿ ತಟ್ಟಿ ಏನರ ಮಾತಾಡ್ತಾವೇನ್ರಿ?" ಎಂದು ಕೇಳಿದೆ. ಆ ಕಡೆಯವರು ಫೋನ್ ಇಟ್ಟರು.

ಗುರುವಾರ ಜೆಸಿಂತಾ ಪುಸ್ತಕವೊಂದನ್ನು ಹಿಡಿದು ಬಂದಳು. ಕಣ್ಣು ಕೆಂಪಾಗಿದ್ದವು, ಆದರೆ ಹೊಳೆಯುತ್ತಿದ್ದವು. "ಒಂದೇ ದಾರಿ ಉಂಟು ಸರ್. ಒಂದು ಕಾಗದದ ಮೇಲೆ ತಕರಾರು ನಡೀತಾ ಇದ್ರೆ, ಅದು ತೀರ್ಮಾನ ಆಗುವವರೆಗೆ ಪೆಟ್ಟಿಗೆ ಅದನ್ನು ಮುಟ್ಟುದಿಲ್ಲ. ಅವಧಿ ಮುಗಿದ್ರೂ ಮುಟ್ಟುದಿಲ್ಲ. ಸಾಹೇಬರು ಒಂದು ತಡೆ ಹಾಕ್ಬೇಕು, ಅಷ್ಟೇ."

ಅರ್ಧ ಗಂಟೆಯೊಳಗೆ ಹದಿನೇಳು ತಕರಾರು ಸಿದ್ಧವಾದವು. ಪಾನ್ ಅಂಗಡಿಯ ಬಸಲಿಂಗ, "ಆ ಕಂಬ ನಮ್ಮಜ್ಜನ ಜಾಗಾದಾಗ ಐತಿ ಅಂತ ಹಾಕ್ತೇನಿ, ತಗೋರಿ," ಎಂದ. ಇನ್ನೊಬ್ಬ, ಆ ದಿನಗಳಲ್ಲಿ ದೀಪ ಉರಿಯುತ್ತಿತ್ತು, ಅದರ ಬೆಳಕಿಗೆ ತನಗೆ ಎರಡು ತಿಂಗಳು ನಿದ್ದೆಯೇ ಬಂದಿರಲಿಲ್ಲ ಎಂದು ಆಣೆಯಿಟ್ಟ.

ದೇಸಾಯಿ ಸಾಹೇಬರು ಹದಿನೇಳನ್ನೂ ಓದಿ ಪಕ್ಕಕ್ಕಿಟ್ಟರು. "ಎಲ್ಲಾ ಸುಳ್ಳು. ಮುಹೂರ್ತದ ಗಡಿಬಿಡ್ಯಾಗ ಒಂದು ತಪ್ಪು ಮಾಡೇನಿ. ಅದನ್ನ ತಿದ್ದಾಕ ಸುಳ್ಳಿಗೆ ಸಹಿ ಮಾಡಂಗಿಲ್ಲ. ಖರೇ ತಕರಾರು ತರ್ರಿ, ಅದೂ ಸಂಬಂಧಪಟ್ಟವರ ಕಡಿಂದ. ಕಣ್ಣು ಮುಚ್ಚಿ ತಡೆ ಹಾಕ್ತೇನಿ."

ಬಸಲಿಂಗ ಇನ್ನೂ ವಾದಿಸುತ್ತಿದ್ದ. ಬಾಳವ್ವನೇ ಅವನ ಬಾಯಿ ಮುಚ್ಚಿಸಿದಳು. "ಬ್ಯಾಡ ಬಸಲಿಂಗಾ. ಸುಳ್ಳ ಬರಿಯಂಗಿಲ್ಲ ಅಂತ ಅವರು ಬಾವಿ ಅರ್ಜಿನೂ ಬರೀಲಿಲ್ಲ. ಈಗ ಅವರ ಕಾಗದಕ್ಕ ಸುಳ್ಳ ಕಟ್ಟಿ ಉಳಿಸಿಕೊಂಡು ಹೆಂಗ ಕೇಳ್ಲಿ ನಾ?"

ಶುಕ್ರವಾರ ಹತ್ತೂಮುಕ್ಕಾಲಿಗೆ ದಫ್ತರಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರೂ ಶಾಖೆಯವರು, ಓಣಿಯವರು, ತಿಪ್ಪಣ್ಣನ ಹತ್ತಿರ ಪಂಕ್ಚರ್ ಹಾಕಿಸಿಕೊಂಡವರು, ಎಲ್ಲರೂ ಬಂದಿದ್ದರು. ಬಾಳವ್ವ ಮೊಸರು ಬಣ್ಣದ ಸೀರೆ ಉಟ್ಟು, ಒಂದು ಸ್ಟೂಲಿನ ಮೇಲೆ ಕೂತಿದ್ದಳು. ನಾನು ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡೆ. ಜೆಸಿಂತಾ ಕಡತ ತೆರೆದಳು. ಇಷ್ಟು ದಿನ ತಂತಿ, ಪೆಟ್ಟಿಗೆಗಳಲ್ಲೇ ಮುಳುಗಿದ್ದ ಆಕೆ ಬಾಳವ್ವನ ಪಕ್ಕ ನಿಂತು ಆ ಅರ್ಜಿ ಕೇಳಿದ್ದು ಅದೇ ಮೊದಲು.

"...ಕಂಬದ ಬುಡದ ಕಲ್ಲಿಗೆ ಈಗಾಗಲೇ ಎರಡು ಸಲ ಎಡವಿ ಬಿದ್ದಿದ್ದಾಳೆ."

"ಒಂದ ಸಲ," ಎಂದಳು ಬಾಳವ್ವ.

ಜೆಸಿಂತಾ ತಿರುಗಿದಳು. "ಎಂತ ಹೇಳಿದ್ರಿ ಅಮ್ಮ?"

"ಏನಿಲ್ಲ ಬಿಡವಾ, ಪೂರಾ ಕೇಳೂಣು."

"ಇಲ್ಲ, ಹೇಳಿ. ಒಂದು ಸಲ ಅಂದ್ರಲ್ಲ?"

"ಹೂಂ ಮತ್ತ. ನಾ ಬಿದ್ದಿದ್ದು ಒಂದ ಸಲ. ಎರಡನೇ ಸಲ ಬಿದ್ದಾವ್ರು ಅವರ. ನೋಡ್ಕೊಂಡ ಬರ್ತೇನಿ ತಡಿ ಎಂಥಾ ಕಲ್ಲು ಅಂತ ಹೋಗಿ, ಅದ ಕಲ್ಲಿಗೆ ಎಡವಿ ಬಿದ್ರು. ನಾನ ಎತ್ತೇನಿ. ಮಣಕಾಲ ಕೆತ್ತಿತ್ತು, ಅರಿಶಿಣ ಹಚ್ಚೇನಿ. ಗಂಡಸು ಬಿದ್ದೆ ಅಂತ ಅರ್ಜ್ಯಾಗ ಹೆಂಗ ಬರೀತಾನ? ಅದನ್ನೂ ನನ್ನ ಹೆಸರಿಗೆ ಹಚ್ಚಿದ್ರು. ಇಷ್ಟು ವರ್ಷ ಆತು ಹೇಳಾಕತ್ತಿ. ಯಾರು ಕೇಳ್ತಾರ?"

ಯಾರೂ ಕೇಳಿರಲಿಲ್ಲ. ನಾನು ನಾನ್ನೂರಕ್ಕೂ ಹೆಚ್ಚು ಮಂಗಳವಾರ ಅಲ್ಲೇ ಕೂತಿದ್ದೆ. ಜೆಸಿಂತಾ ದೇಸಾಯಿ ಸಾಹೇಬರ ಕಡೆ ನೋಡಿದಳು. "ಸರ್, ಇದು ತಕರಾರು ಅಲ್ವಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬಾಳವ್ವಾರ, ಅವರು ಸುಳ್ಳ ಬರಿಯಂಗಿಲ್ಲ ಅಂತ ನಿನ್ನಿ ನೀವ ಅಂದ್ರಿ."

"ಸುಳ್ಳ ಅಂತ ಈಗೂ ಅನ್ನಂಗಿಲ್ರಿ. ತಪ್ಪು ಅಂತೇನಿ. ಅವರ ಮನಸಿನ್ಯಾಗ ಏನಿತ್ತೋ. ಅವರನ್ನ ಕರಸಿ ಕೇಳ್ರಿ."

"ಕರಸಬೇಕಾಕ್ಕೈತಿ," ಎಂದರು ಸಾಹೇಬರು, ಬಹಳ ಗಂಭೀರವಾಗಿ. "ಇಬ್ಬರ ಹೇಳಿಕಿ ಕೇಳದ ತೀರ್ಮಾನ ಮಾಡಾಕ ಬರಂಗಿಲ್ಲ. ಅಡಿವೆಪ್ಪಾ, ಕಾಗದ ತಗಿ!"

ಗಡಿಯಾರ ಹನ್ನೊಂದು ಒಂಬತ್ತು ತೋರಿಸುತ್ತಿತ್ತು. ನಾನು ಬಿಳಿ ಹಾಳೆ ಎಳೆದುಕೊಂಡೆ. ಎದುರುದಾರರ ಹೆಸರು ಎಂದು ಕೇಳಿದರೆ ಬಾಳವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಿನಗ ಗೊತ್ತೈತಲ್ಲೋ, ಬರ್ಕೊ," ಎಂದಳು. ಆಕೆ ಹೇಳಿದ್ದನ್ನು ಹೇಳಿದಂತೆ ಇಳಿಸಿದೆ. ಹೆಬ್ಬೆಟ್ಟು ಒತ್ತಲು ಹೋದರೆ ಶಾಯಿಯ ಪ್ಯಾಡು ಒಣಗಿ ಬಿಸ್ಕತ್ತಾಗಿತ್ತು. ಬಸಲಿಂಗ ತನ್ನ ಬಾಯಲ್ಲಿದ್ದ ಕೆಂಪನ್ನೇ ಕೊಡಲು ಮುಂದೆ ಬಂದ. ಎಲ್ಲರೂ ಸೇರಿ ಹಿಂದಕ್ಕೆ ತಳ್ಳಿದರು. ನನ್ನ ಪೆನ್ನು ಬಿಚ್ಚಿ ಶಾಯಿಯನ್ನು ಪ್ಯಾಡಿನ ಮೇಲೆ ಸುರಿದೆ. ಹೆಬ್ಬೆಟ್ಟು ಬಿತ್ತು. ಇಮಾಮಸಾಬ ಮೊಹರು ಹೊಡೆದ ಸದ್ದಿಗೆ ಕಿಟಕಿಯ ಪಾರಿವಾಳಗಳು ಎದ್ದವು. ಹನ್ನೊಂದು ಹದಿನಾರು. ಸ್ಕ್ಯಾನ್. ಜೆಸಿಂತಾ ಅಸಲನ್ನು ಹರಿದಳು.

ಈಗ ಸಾಹೇಬರು ಪಾಸ್‌ವರ್ಡ್ ಒತ್ತಬೇಕು. ಒಂದೇ ಬೆರಳಿನಲ್ಲಿ, ಒಂದೊಂದು ಅಕ್ಷರವನ್ನೂ ಹುಡುಕಿ, ಕಾಳು ಹೆಕ್ಕುವ ಕೋಳಿಯ ಹಾಗೆ ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು. "ಮೂರನೇ ಸಲ ತಪ್ಪಿದ್ರೆ ಅರ್ಧ ಗಂಟೆ ಬಾಗಿಲು ಹಾಕ್ತದೆ," ಎಂದಳು ಜೆಸಿಂತಾ. ಸಾಹೇಬರ ಹಣೆಯಿಂದ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕಿತು. ಹನ್ನೊಂದು ಹತ್ತೊಂಬತ್ತು. ಹಿಂದಿನಿಂದ ಇಮಾಮಸಾಬ ಮೆಲ್ಲಗೆ, ಅಂದರೆ ಇಡೀ ಕಟ್ಟಡಕ್ಕೆ ಕೇಳುವಂತೆ, "ಸಾಹೇಬ್ರ, ಮೊದಲನೇ ಅಕ್ಷರ ದೊಡ್ಡದು ಅಂತ ಪೂಜಾ ದಿವಸ ನೀವ ಹೇಳಿದ್ರಿ," ಎಂದ.

ಮೊದಲನೇ ಅಕ್ಷರ ದೊಡ್ಡದಾಯಿತು. ಕೆಂಪು ಅಂಕಿ ಒಮ್ಮೆ ಮಿಣುಕಿ ಮಾಯವಾಯಿತು. ಅದರ ಜಾಗದಲ್ಲಿ ಪುಟ್ಟದೊಂದು ಕೈಯ ಚಿತ್ರ ಬಂತು, ತಡಿ ಎನ್ನುವ ಹಾಗೆ. ಗಡಿಯಾರ ಹನ್ನೊಂದು ಇಪ್ಪತ್ತಕ್ಕೆ ಬಂತು. ಹನ್ನೊಂದು ಇಪ್ಪತ್ತೊಂದಾಯಿತು. ಬಾಳವ್ವ, "ಅವರದು ತಗಿ," ಎಂದಳು. ನಾನು ತೆರೆದೆ.

"ಮಾನ್ಯರೇ," ಎಂದ ತಿಪ್ಪಣ್ಣ.

ನೆರೆದವರೆಲ್ಲ ಎಬ್ಬಿಸಿದ ಕೂಗಿಗೆ ಹಿಂದಿನ ಕೋಣೆಯ ಕಪಾಟುಗಳೆಲ್ಲ ಬಾಯಿ ತೆರೆದವು. ಅವಧಿ ಮುಗಿದ ಹಂದಿ, ಗಟಾರ, ನಳಗಳೆಲ್ಲ ಒಟ್ಟಿಗೇ ಮಾತಿಗೆ ಶುರುಹಚ್ಚಿಕೊಂಡವು. ಅವನ್ನು ಸುಮ್ಮನಾಗಿಸಲು ಸಂಜೆಯಾಯಿತು.

ಶನಿವಾರ ಜೆಸಿಂತಾ ಹೊರಟಳು. ಹೋಗುವ ಮುಂಚೆ ನನ್ನ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಬಿಚ್ಚಿದೆ. "ನಿಮ್ಮ ಊರಿನ ಬಾವಿಯ ನೀರು ಉಪ್ಪು ಅಂತ ಎಲ್ಲರೂ ಬರ್ದಿದ್ದಾರೆ. ನಾನು ಕುಡಿದು ನೋಡಿದೆ. ನನ್ನ ಊರಿನ ಉಪ್ಪು ನೀವು ನೋಡ್ಲಿಲ್ಲ," ಎಂದು ಅದು ನಗುತ್ತಾ ಹೇಳಿತು. ಶಾಶ್ವತದ ಅರೆಗೆ ಸೇರಿಸಿದೆ.

ಮುಂದಿನ ಮಂಗಳವಾರದಿಂದ ಸಾಲುಗಳ ಮಾತೇ ಬದಲಾಯಿತು. ಸತ್ತವರನ್ನು ಕೇಳಿ ಕಣ್ಣೀರು ಹಾಕಿ ಹೋಗುತ್ತಿದ್ದವರು ಈಗ ಕಿವಿಗೊಟ್ಟು ಕೇಳಿ ತಪ್ಪು ಹುಡುಕತೊಡಗಿದರು. ಹಂದಿಗಳು ಹನ್ನೆರಡಲ್ಲ, ಒಂಬತ್ತು ಎಂದು ಆ ಇಬ್ಬರು ಗಂಡುಮಕ್ಕಳು ಅಪ್ಪನ ಮೇಲೆ ತಕರಾರು ಹಾಕಿದರು. ಅಣ್ಣ ಒಂಬತ್ತು ಎಂದರೆ ತಮ್ಮ ಹತ್ತು ಎಂದ, ಅದು ಇನ್ನೊಂದು ತಕರಾರು. ಎಲ್ಲವೂ ಖರೆ, ಎಲ್ಲವೂ ಸಂಬಂಧಪಟ್ಟವರ ಕಡೆಯಿಂದ. ದೇಸಾಯಿ ಸಾಹೇಬರ ಬೆರಳು ಈಗ ಪಾಸ್‌ವರ್ಡನ್ನು ನೋಡದೆಯೇ ಒತ್ತುತ್ತದೆ.

ಬಾಳವ್ವನಿಗೆ ನಾನು ಎರಡು ಕಡತ ತೆರೆದು ಕೊಡುತ್ತೇನೆ. ತಿಪ್ಪಣ್ಣ 'ಎರಡು ಸಲ' ಎನ್ನುತ್ತಾನೆ, ಪಕ್ಕದಿಂದ ಆಕೆಯ ದನಿ 'ಒಂದ ಸಲ' ಎನ್ನುತ್ತದೆ. ಆಕೆ ಮಾತ್ರ ಬಾಯಿ ಬಿಡುವುದಿಲ್ಲ. "ನಾ ಯಾಕ ಹೇಳ್ಲಿ? ಅಲ್ಲಿ ಹೇಳಾಕತ್ತೇನಲ್ಲ," ಎಂದು ಎಲೆಯಡಿಕೆ ಹಾಕಿಕೊಂಡು ಕೇಳುತ್ತಾಳೆ. ಗಂಡ ಹೆಂಡಿರ ಜಗಳಕ್ಕೆ ಒಂದು ತಂತಿ ಸಾಕಾಯಿತಲ್ಲ ಎಂದು ನನಗೆ ಸೋಜಿಗ.

ನಿಯಮದ ಪ್ರಕಾರ ವಿಚಾರಣೆ ವರ್ಷಕ್ಕೊಮ್ಮೆ ಆಗಲೇಬೇಕು. ಮೊದಲನೇ ವಿಚಾರಣೆಗೆ ಬಾಳವ್ವ ಅದೇ ಮೊಸರು ಬಣ್ಣದ ಸೀರೆ ಉಟ್ಟು ಬಂದಳು. ಸಭಾಂಗಣದ ಬೆಂಚಿನ ಒಂದು ತುದಿಗೆ ಕೂತು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು. ಬಸಲಿಂಗ ಅಲ್ಲಿ ಕೂರಲು ಹೋದ. ಆಕೆ ನೋಡಿದ ನೋಟಕ್ಕೆ ಎದ್ದು ನಿಂತ. ದೇಸಾಯಿ ಸಾಹೇಬರು ಕಡತ ಬಿಚ್ಚಿ ತಲೆಯಾಡಿಸಿದರು. ಇಮಾಮಸಾಬ ಬಾಗಿಲಿಗೆ ಹೋಗಿ, ಎದೆ ತುಂಬ ಗಾಳಿ ಎಳೆದುಕೊಂಡು, ಮೂರು ಓಣಿಗೆ ಕೇಳುವಂತೆ ಕೂಗಿದ:

"ಸೈಕಲ್ ತಿಪ್ಪಣ್ಣ ಹಾಜರ್ ಇದ್ದೀರೇನ್ರೀ?"

ಹೊರಗೆ ಬಿಸಿಲು. ಒಂದು ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು. ಎರಡನೇ ಸಲ ಕೂಗಿದ. ಮೂರನೇ ಸಲ ಕೂಗಿದ. ಸಾಹೇಬರು 'ಎದುರುದಾರರು ಗೈರುಹಾಜರು, ಮುಂದಿನ ವರ್ಷಕ್ಕೆ' ಎಂದು ಬರೆಯಲು ಪೆನ್ನು ಎತ್ತಿದರು.

"ಒಂದೀಟು ತಡೀರಿ ಸಾಹೇಬ್ರ," ಎಂದಳು ಬಾಳವ್ವ, ಬಾಗಿಲ ಕಡೆ ನೋಡುತ್ತಾ. "ಬರ್ತಾರ. ಎಲ್ಲೋ ಎಡವಿರ್ತಾರ."